ಬಾಣಂತಿ ಗಿಡಗಳು

ಮನುಷ್ಯನ ನಾಗರಿಕತೆ ಕಸಬರಿಗೆಯಿಂದ ಆರಂಭವಾಯಿತು ಎಂಬುದು ದೀರ್ಘ ಚಿಂತನೆಯ ನಂತರ ನಾನು ಕಂಡುಕೊಂಡ ಸತ್ಯ. ಮನೆಯವಳಿಗೆ ಇದನ್ನು ತಿಳಿಸಿದೆ. ಆಕೆ ಕಸಬರಿಗೆಯನ್ನೇ ನನ್ನ ಕೈಗೆ ಕೊಟ್ಟಳು. ನಿಪ್ಪಾಣಿಯಿಂದ ತಂದ ಪ್ಲಾಸ್ಟಿಕ್ಕಿನದು. ಎಳೆದರೆ ಕಸ ಅಲ್ಲೇ ಇರುತ್ತದೆ, ಅದರ ಕಡ್ಡಿಗಳೂ ಉದುರಿ ಕಸಕ್ಕೆ ಸೇರುತ್ತವೆ. ವಾಸನೆಯಂತೂ ಇಲ್ಲ. ಈಚಲ ಗರಿಯ ಹೊಸ ಕಸಬರಿಗೆಗೆ ಬಿಸಿಲಿನದೇ ಒಂದು ವಾಸನೆ ಇರುತ್ತಿತ್ತು, ನಿಮಗೂ ನೆನಪಿರಬಹುದು.

ಆ ವಾಸನೆಯನ್ನು ನಮ್ಮ ಮನೆಗೆ ಹೊತ್ತು ತರುತ್ತಿದ್ದವಳು ಲಗಮವ್ವ. ರಾಯಬಾಗದ ಕಡೆಯ ನಮ್ಮೂರ ಹೊರಗೆ, ಹಳ್ಳದ ದಂಡೆಯಲ್ಲಿ, ಬೇಡರ ವಸ್ತಿ, ಹತ್ತಿಪ್ಪತ್ತು ಮನೆ. ಬೇಟೆ ಅಜ್ಜಂದಿರ ಕಾಲಕ್ಕೇ ಮುಗಿದಿತ್ತು, ಹೊಲ ಯಾರಿಗೂ ಇರಲಿಲ್ಲ. ಗಂಡಸರು ಕಬ್ಬು ಕಡಿಯಲು ದೂರ ಹೋದರೆ, ಹೆಂಗಸರು, ಮುದುಕರು, ಮಕ್ಕಳು ಹಳ್ಳದ ಈಚಲನ್ನು ನಂಬಿ, ಕಸಬರಿಗೆ ಕಟ್ಟಿ ಮಾರುತ್ತ ಊರಲ್ಲೇ ಉಳಿಯುತ್ತಿದ್ದರು.

ಲಗಮವ್ವ ಕಸಬರಿಗೆಯನ್ನು ಅಂಗಳಕ್ಕೆ ಒಗೆದು, "ಗಟ್ಟಿ ಐತೋ ಇಲ್ಲೋ ತುಳದ ನೋಡ್ರಿ ಸಾವ್ಕಾರ" ಎನ್ನುವಳು.

"ಸಾವ್ಕಾರ ಅಲ್ಲ ಯವ್ವಾ, ಸಾಲಿ ಮಾಸ್ತರ."

"ಮಳಿ ಬರ್ಲಿ ಬಿಡ್ಲಿ ಪಗಾರ ಬರ್ತೈತಿ. ಇನ್ನ ಸಾವ್ಕಾರಗ ಕೋಡ ಇರ್ತಾವೇನ್ರಿ?"

ಗರಿ ಕೊಯ್ದ ಗಿಡಕ್ಕೆ ಅವರು ಹಳೆಯ ಸೀರೆಯ ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ಇರುವ ತನಕ ಅದು ಬಾಣಂತಿ ಗಿಡ. ಹೊಸ ಗರಿ ಬಲಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಊರಿನ ದನಕಾಯುವವನೂ ಆ ಅರಿವೆ ಕಂಡರೆ ಎತ್ತಿದ ಕೊಡಲಿ ಕೆಳಗಿಡುತ್ತಿದ್ದ.

ಕೆಲವು ವರ್ಷಗಳ ಹಿಂದೆ ಊರ ಹಿರಿಯರಿಗೆ ಹಳ್ಳದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಹಿರಿಯರೆಂದರೆ ಹಳ್ಳದ ಅಂಚಿನಲ್ಲಿ ಕಬ್ಬಿನ ಹೊಲ ಉಳ್ಳವರು. ಆ ಅರ್ಹತೆ ಇಲ್ಲದೆ ನಮ್ಮಲ್ಲಿ ಎಷ್ಟು ವಯಸ್ಸಾದರೂ ಹಿರಿತನ ಬಾರದು. ದಂಡೆ ಸ್ವಚ್ಛವಾಗಬೇಕು, ಈಚಲು ಹೋಗಬೇಕು ಎಂದು ಠರಾವಾಯಿತು.

"ವಸ್ತಿ ಮಂದಿ ಹೊಟ್ಟಿ ಅದರ ಮ್ಯಾಲ ಐತ್ರಿ" ಎಂದೆ.

ಹಿರಿಯರಲ್ಲಿ ಹಿರಿಯರಾದ ತಾತ್ಯಾಸಾಹೇಬರು ನಕ್ಕರು. "ಅಲ್ಲಿ ಮಂದಿ ಎಲ್ಲಿ ಅದಾರ ಮಾಸ್ತರ? ಅರ್ಧಾ ಮಂದಿ ಕಬ್ಬಿಗೆ ಹೋಗ್ಯಾರ. ಉಳದವ್ರೂ ಹೋಗ್ಲಿ."

ಸುದ್ದಿ ತಿಳಿದ ವಸ್ತಿಯ ಹೆಂಗಸರು ಅರ್ಜಿ ಕೊಡಲಿಲ್ಲ, ಅಡ್ಡ ಮಲಗಲಿಲ್ಲ. ಇದ್ದಬದ್ದ ಸೀರೆ ಹರಿದು ದಂಡೆಯ ಒಂದೊಂದು ಗಿಡಕ್ಕೂ ಪಟ್ಟಿ ಕಟ್ಟಿ, ನಿಶ್ಚಿಂತೆಯಿಂದ ಸಂತೆಗೆ ಹೊರಟರು. "ಅರಿವಿ ಕಟ್ಟೇವ್ರಿ, ಇನ್ಯಾರ ಮುಟ್ತಾರ?" ಎಂದಳು ಲಗಮವ್ವ. ಊರಿನ ಮೇಲೆ ಅಷ್ಟು ನಂಬಿಕೆ.

ಜೆಸಿಬಿ ತಂದ ಪರವೂರ ಚಾಲಕ ಅರಿವೆ ನೋಡಿ ಯಂತ್ರ ನಿಲ್ಲಿಸಿದ. "ಏನರ ದೇವರ ಕೆಲಸ ಐತೇನ್ರಿ?"

ಬಾಣಂತಿ ಗಿಡವೆಂದರೇನೆಂದು ಚಿಕ್ಕಂದಿನಿಂದ ಬಲ್ಲ ತಾತ್ಯಾಸಾಹೇಬರು, "ಹಳೇ ಚಿಂದಿ ಲೇ ಅವು. ನಡಿ" ಎಂದರು. ನಾನು ಕೂಗಾಡಿದೆ. ಯಂತ್ರದ ಸದ್ದಿನಲ್ಲಿ ನನ್ನ ಶುದ್ಧ ವ್ಯಾಕರಣ ಯಾರಿಗೂ ಕೇಳಿಸಲಿಲ್ಲ. ಸಂಜೆಯೊಳಗೆ ದಂಡೆ ಬೋಳಾಯಿತು.

ಮರುದಿನ ಸ್ವಚ್ಛತೆಯ ಸಮಾರಂಭ. ಮಂಟಪ ಗುಡಿಸಲು ಕಸಬರಿಗೆ ತರಿಸಿದ್ದು ವಸ್ತಿಯಿಂದಲೇ, ಅದೂ ಬಿಟ್ಟಿ. ಹಿರಿಯರೆಲ್ಲ ಒಂದೊಂದು ಹಿಡಿದು ಫೋಟೋಕ್ಕೆ ನಿಂತರು. ಅಂದಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಇಚ್ಛೆಯೂ ಇಲ್ಲ.

ಕಳೆದ ವಾರ ಕಬ್ಬು ಕಡಿಯುವ ಗ್ಯಾಂಗಿನ ಟ್ರ್ಯಾಕ್ಟರ್ ಹತ್ತುತ್ತಿದ್ದ ಲಗಮವ್ವ ಕಂಡಳು. ಕಂಕುಳಲ್ಲಿ ಗಂಟು, ಜೊತೆಗೆ ಮೊಮ್ಮಗಳು.

"ಈ ವಯಸ್ಸಿನಾಗ ಕಬ್ಬು ಕಡೀತೀ ಏನವ್ವಾ?"

"ಒಬ್ಬಾಕಿ ಇಲ್ಲಿ ಏನ್ ತಿಂದ ಇರ್ಲಿರಿ?"

"ಹುಡುಗಿ ಸಾಲಿ?"

"ಸಾಲಿ ಟ್ರ್ಯಾಕ್ಟರದಾಗ ಹಿಡಸೂದಿಲ್ರಿ, ಮಾಸ್ತರ."

ದೀಪಾವಳಿಯಿಂದ ಹೋಳಿಯವರೆಗೆ ಆ ವಸ್ತಿಯಲ್ಲಿ ಈಗ ಯಾರೂ ಇರುವುದಿಲ್ಲ.