ಬಕೆಟ್ ತುಂಬುವವರೆಗೆ ನಿಂತವರು

ಕಟ್ಟಡದೊಳಗೆ ನೀರನ್ನು ಮಿತವಾಗಿ ಬಳಸುವ ವಿದ್ಯೆ ನಮ್ಮಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಿಂದಲೂ, ನಕ್ಷೆಯ ಮೇಲಿನ ಲೆಕ್ಕಕ್ಕಿಂತ ನಲ್ಲಿಯ ಕೆಳಗಿನ ಲೆಕ್ಕವೇ ದೊಡ್ಡದೆಂದು ನಂಬಿ ಮೂವತ್ತನಾಲ್ಕು ವರ್ಷ ದುಡಿದು, ಈಗ ನಿವೃತ್ತರಾಗುತ್ತಿರುವ ನಮ್ಮ ಸಂಸ್ಥೆಯ ಹಿರಿಯ ಎಂಜಿನಿಯರರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಎದುರಿಗೆ ನಾವೆಲ್ಲ ಅವರನ್ನು ‘ಸರ್’ ಎನ್ನುತ್ತೇವೆ. ಬೆನ್ನ ಹಿಂದೆ ಅವರು ‘ಬಕೆಟ್ ಸಾಹೇಬರು’. ಯಾವ ಕಟ್ಟಡಕ್ಕೆ ಹೋದರೂ ಕಾರಿನ ಡಿಕ್ಕಿಯಿಂದ ಹತ್ತು ಲೀಟರಿನ ನೀಲಿ ಬಕೆಟ್ ಇಳಿಸಿ, ಕೈಗಡಿಯಾರ ನೋಡುತ್ತ ಪ್ರತಿ ನಲ್ಲಿಯ ಹರಿವನ್ನು ತಾವೇ ಅಳೆಯುವುದು ಅವರ ಪದ್ಧತಿ. ಈ ಅಡ್ಡಹೆಸರು ಅವರ ಕಿವಿಗೆ ಬಿದ್ದಿಲ್ಲವೆಂದೇ ನಾವು ತಿಳಿದಿದ್ದೆವು. ಕಳೆದ ವಾರ ಬೀಳ್ಕೊಡುಗೆಯ ಆಮಂತ್ರಣದ ಕರಡು ನೋಡಿ, "ಬಕೆಟ್ ಅಂತ ಎಲ್ಲೂ ಹಾಕಿಲ್ವಲ್ಲ, ನಾನ್ಯಾರು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?" ಎಂದರು.

ನಾನು ಅವರ ಕೈಕೆಳಗೆ ಸೇರಿ ಹತ್ತೊಂಬತ್ತು ವರ್ಷವಾಯಿತು. ನನ್ನ ಮಗಳು ಆಸ್ಪತ್ರೆಯಲ್ಲಿದ್ದ ಮೂರು ವಾರ ನನ್ನ ಪಾಲಿನ ತಪಾಸಣೆಗಳನ್ನೆಲ್ಲ ತಾವೇ ಮಾಡಿ, ನಾನು ಮರಳಿದಾಗ ಅದರ ಸುದ್ದಿಯನ್ನೇ ಎತ್ತದೆ, "ಕೂಸು ಊಟ ಮಾಡ್ತಿದೆಯಾ?" ಎಂದಷ್ಟೇ ಕೇಳಿದ ಜೀವ ಅದು. ಆದರೆ ಅವರಿಂದ ನಾನು ಪಡೆದ ದೊಡ್ಡ ಉಪಕಾರ ಬೇರೆಯೇ ಇದೆ. ಅದನ್ನು ಹೇಳಬೇಕಾದರೆ ನನ್ನ ಮಾನವನ್ನು ನಾನೇ ಹರಾಜಿಗಿಡಬೇಕು.

ನಾನು ಸೇರಿದ ಎರಡನೆಯ ವರ್ಷ. ಆರು ಮಹಡಿಯ ಕಚೇರಿಯೊಂದಕ್ಕೆ ಹಸಿರು ಕಟ್ಟಡದ ಪ್ರಮಾಣಪತ್ರ ಬಂದಿತ್ತು. ಅಲ್ಲಿನ ನಲ್ಲಿಗಳ ಬಾಯಿಗೆಲ್ಲ ನಿಮಿಷಕ್ಕೆ ಎರಡೇ ಲೀಟರ್ ಬಿಡುವ ಜಾಲರಿ ಕೂರಿಸಿದವನು ನಾನು. ಆರು ತಿಂಗಳ ಮೇಲೆ ಮೀಟರು ನೋಡಿದರೆ ನೀರಿನ ಬಳಕೆ ಇಳಿಯುವ ಬದಲು ಏರಿತ್ತು. ಓಡಿಹೋಗಿ ನೋಡಿದೆ, ಒಂದು ನಲ್ಲಿಯಲ್ಲೂ ಜಾಲರಿಯಿಲ್ಲ! ಅರವತ್ತೆರಡು ಜಾಲರಿಗಳೂ ನೆಲ ಒರೆಸುವ ಅಕ್ಕನ ಕಪಾಟಿನಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ ಸಿಕ್ಕವು. ನನಗೆ ಪಿತ್ತ ನೆತ್ತಿಗೇರಿತು. ಅವರನ್ನು ಒಂದು ಮಾತೂ ಕೇಳದೆ, ‘ಕಳವು’ ಎಂದು ಕಾಣಿಸಿ ಕಟ್ಟಡದ ಆಡಳಿತಾಧಿಕಾರಿಗೆ ಪತ್ರ ಬರೆದೆ. ಅವರನ್ನು ಕೆಲಸದಿಂದ ತೆಗೆಯುವುದೆಂದು ಮರುದಿನವೇ ತೀರ್ಮಾನವಾಯಿತು. ಅವರ ದುಡಿಮೆಯನ್ನೇ ನಂಬಿ ಮನೆಯಲ್ಲಿ ಮೂವರಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ.

ಪತ್ರದ ಪ್ರತಿ ಓದಿದ ಸರ್ ನನ್ನನ್ನು ಬೈಯಲಿಲ್ಲ. ಮುಂಜಾನೆ ಆರಕ್ಕೆ ಆ ಕಟ್ಟಡಕ್ಕೆ ಕರೆದೊಯ್ದು, ಕೈ ತೊಳೆಯುವ ನಲ್ಲಿಗೆ ಜಾಲರಿಯನ್ನು ಮತ್ತೆ ತಿರುಗಿಸಿ, ಪೈಪು ಸಿಕ್ಕಿಸಿ, ನೀಲಿ ಬಕೆಟ್ ಕೆಳಗಿಟ್ಟರು.

"ಈ ಮಹಡಿ ಇವತ್ತು ನೀನು ಒರೆಸು."

ಒಂದು ಬಕೆಟ್ ತುಂಬಲು ಐದು ನಿಮಿಷ ಹಿಡಿಯಿತು. ಎರಡನೆಯದಕ್ಕೂ ಐದು. ಅಷ್ಟು ಹೊತ್ತೂ ಸರ್ ನನ್ನ ಪಕ್ಕದಲ್ಲೇ ನಿಂತಿದ್ದರು. ನಲ್ಲಿಯ ಪರೀಕ್ಷೆ ನಡೆದಿದೆ ಎಂದುಕೊಂಡ ಅಕ್ಕ ಬಾಗಿಲಿನಿಂದಲೇ ಹೇಳಿದರು: "ಮಹಡಿಗೆ ಎಂಟು ಬಕೆಟ್ ಬೇಕು ಸಾರ್. ನಾವಿರೋದು ಇಬ್ಬರು. ಎಂಟೂವರೆಗೆ ಎಲ್ಲರೂ ಬಂದ್ಬಿಡ್ತಾರೆ. ಏನ್ ಮಾಡೋದು, ಬಿಚ್ಚಿದೆ. ಒಂದೂ ಕಳೀಬಾರದು ಅಂತ ಡಬ್ಬಿಗೆ ಹಾಕಿಟ್ಟೆ."

ಬಕೆಟ್ಟಿಗೆಂದು ಬೇರೆ ನಲ್ಲಿಯನ್ನು ನಕ್ಷೆಯಲ್ಲಿ ನಾನು ಕೊಟ್ಟಿರಲೇ ಇಲ್ಲ. ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ.

"ಏನು ಮಾಡಿದ್ರೆ ಸರಿಹೋಗುತ್ತೆ ಅಮ್ಮಾ?" ಎಂದು ಸರ್ ಕೇಳಿದರು.

"ಬಕೆಟ್ಟಿಗೆ ಮಹಡಿಗೊಂದು ದಪ್ಪ ನಲ್ಲಿ ಕೊಡಿ. ಮಿಕ್ಕ ನಲ್ಲಿಗಳಿಗೆ ಜಾಲರಿ ನಾನೇ ಹಾಕ್ತೀನಿ."

ಅಂದೇ ಸರ್ ಆಡಳಿತಾಧಿಕಾರಿಯ ಬಳಿ ಹೋಗಿ ನನ್ನ ಪತ್ರವನ್ನು ಹಿಂದಕ್ಕೆ ಪಡೆದು, ತಪ್ಪು ತಮ್ಮ ವಿಭಾಗದ್ದೆಂದು ತಮ್ಮದೇ ರುಜು ಹಾಕಿ ಬರೆದುಕೊಟ್ಟರು. ಅಕ್ಕನ ಕೆಲಸ ಉಳಿಯಿತು. ದಪ್ಪ ನಲ್ಲಿಗಳು ಬಂದ ಮೇಲೆ ನೀರಿನ ಬಳಕೆ ಮೂರರಲ್ಲೊಂದು ಪಾಲು ಇಳಿಯಿತು. ಆ ಪತ್ರ ಬರೆದವನು ಯಾರೆಂದು ಸರ್ ಇಂದಿನವರೆಗೂ ಯಾರ ಬಳಿಯೂ ಬಾಯಿಬಿಟ್ಟಿಲ್ಲ. ಹದಿನೇಳು ವರ್ಷದಿಂದ ಅಕ್ಕ ನನ್ನನ್ನು ಬಾಯ್ತುಂಬ ‘ತಮ್ಮಾ’ ಎನ್ನುತ್ತಾರೆ; ಆ ಪತ್ರ ನನ್ನದೆಂದು ಅವರಿಗೆ ಗೊತ್ತಿರಲಿಲ್ಲ.

ಇದನ್ನು ಈ ಬೀಳ್ಕೊಡುಗೆಯ ಪುಸ್ತಕದಲ್ಲಿ ಬರೆಯಲೇ ಎಂದು ಸರ್ ಅವರನ್ನು ಕೇಳಿದೆ. "ಬರಿ. ಆದ್ರೆ ಮೊದಲು ಅವರಿಗೆ ಹೇಳು, ಆಮೇಲೆ ಪುಸ್ತಕಕ್ಕೆ" ಎಂದರು.

ನಿನ್ನೆ ಹೋಗಿ ಹೇಳಿದೆ. ಅಕ್ಕ ಕೈಯಲ್ಲಿದ್ದ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ ಹೇಳಿದರು:

"ಆವತ್ತು ನೀನು ಒರೆಸಿದ ನೆಲಾನ ನಾನು ಮತ್ತೆ ಒರೆಸಿದೆ ತಮ್ಮಾ. ಅದನ್ನೂ ಬರ್ಕೋ."

ಬರೆದಿದ್ದೇನೆ. ಸರ್, ತಾವು ಗಟ್ಟಿಮುಟ್ಟಾಗಿ ಬಹುಕಾಲ ಬಾಳಬೇಕು. ನೀಲಿ ಬಕೆಟ್ ಹಿಡಿದು, ಹೇಳದೆ ಕೇಳದೆ ನಮ್ಮ ಕಟ್ಟಡಗಳಿಗೆ ಬರುತ್ತಿರಬೇಕು. ನೆಲ ಒರೆಸುವುದನ್ನು ನಾನಿನ್ನೂ ಸರಿಯಾಗಿ ಕಲಿತಿಲ್ಲ.