ನಡುಗೋಡೆ ಸರಿಸುವವರು
ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಕಂಪ್ಯೂಟರ್ ರಿಪೇರಿಯವರು ಗಿರಾಕಿಯೊಬ್ಬಳ ಲ್ಯಾಪ್‌ಟಾಪಿನ ಚಾರ್ಜರನ್ನು ಮೂರನೆಯ ಸಲ ಒತ್ತಿ ನೋಡುತ್ತಿದ್ದರು. ಅದರ ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯವ್ಯವಸ್ಥೆಗಳು ಇದ್ದವು. ಒಂದರ ಜಾಗ ಕುಗ್ಗಿಸಿ ಇನ್ನೊಂದಕ್ಕೆ ಕೊಡಬೇಕಿತ್ತು. “ಒಂದೇ ಮನೇಲಿ ಇಬ್ಬರು ವಾರಗಿತ್ತಿಯರಮ್ಮ. ನಡುಗೋಡೆ ಸರಿಸೋ ಮುಂಚೆ ಸಾಮಾನು ಹೊರಗಿಡಬೇಕು. ಬ್ಯಾಕಪ್ ಎಲ್ಲಿ?” ಎಂದರು ರಿಪೇರಿಯವರು. “ಪಕ್ಕದಂಗಡಿಯವರು ಹತ್ತೇ ನಿಮಿಷದ ಕೆಲಸ ಅಂದ್ರು,” ಎಂದಳು ಗಿರಾಕಿ. “ಹೌದು, ಕೆಡಿಸೋಕೆ ಅಷ್ಟೂ ಬೇಡ.” ಬ್ಯಾಕಪ್ ಆದರೂ ಅವರಿಗೆ ಸಮಾಧಾನವಿಲ್ಲ, ಆ ಬ್ಯಾಕಪ್ಪಿನೊಳಗಿನ ಮೂರು ಫೋಟೊ ತೆರೆದು, “ಇದು ಯಾರು, ನಿಮ್ಮ ಅತ್ತೆಯಾ?” ಎಂದು ಕೇಳಿ, ಗಿರಾಕಿಯಿಂದ ಹೌದೆನ್ನಿಸಿಕೊಂಡ ಮೇಲೆಯೇ ಮೌಸ್ ಮುಟ್ಟುವುದು. ಈ ಅತಿ ಎಚ್ಚರಿಕೆಯನ್ನು ರಿಪೇರಿಯವರ ಅಮ್ಮ ಮಾತ್ರ ಗೇಲಿ ಮಾಡುವುದಿಲ್ಲ. ತೀರಿಹೋದ ತಮ್ಮ ತಂಗಿ ಹಾಡಿ ರೆಕಾರ್ಡ್ ಮಾಡಿಟ್ಟಿದ್ದ ಹಾಡುಗಳಿದ್ದ ಡಿಸ್ಕಿನ ಗೋಡೆಯನ್ನು ಅವರು ಒಮ್ಮೆ ಬ್ಯಾಕಪ್ ಇಲ್ಲದೆ ಸರಿಸಿದ್ದರು. ಎಷ್ಟು ಹೋಯಿತೆಂದು ಅಮ್ಮ ಕೇಳಿದಾಗ ಅವರು ಹೇಳಿದ್ದು, “ಹನ್ನೊಂದು ಹಾಡು.”