ಗೋದಾಮಿನ ಕಿಟಕಿ ತೆರೆದ ದಿನ

ಹಾವೇರಿಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಹೋದ ವರ್ಷ ದಿಲ್ಲಿಯಿಂದ ಬಂದ ಅಧಿಕಾರಿಯೊಬ್ಬರು ಒಂದು ದಿನದ ಮಟ್ಟಿಗೆ ದುಭಾಷಿಯಾಗಿ ಬರಬೇಕೆಂದು ಕೇಳಿದರು. ದುಡಿಯುವವರ ಆರೋಗ್ಯ ನೋಡಿಕೊಳ್ಳುವ ಅಂತಾರಾಷ್ಟ್ರೀಯ ಮಂಡಳಿಯೊಂದರ ಚುನಾವಣೆಗೆ ನಮ್ಮ ದೇಶ ನಿಂತಿತ್ತು. ಸಣ್ಣ ದ್ವೀಪದೇಶವೊಂದರ ಪ್ರತಿನಿಧಿಯನ್ನು ಬ್ಯಾಡಗಿಗೆ ಕರೆತರುವವರಿದ್ದರು. "ದೇಶ ಸಣ್ಣದಾದರೇನು ಮೇಡಂ, ಅವರದೂ ಒಂದು ವೋಟೇ," ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ನಮ್ಮ ಕಡೆ ಪಂಚಾಯ್ತಿ ಅಧ್ಯಕ್ಷರ ಆಯ್ಕೆ ಬಂದಾಗ ಸದಸ್ಯರನ್ನು ಕಾರಿನಲ್ಲಿ ತುಂಬಿಕೊಂಡು ಊರೂರು ಸುತ್ತಿಸುವುದನ್ನು ನೋಡಿ ಬೆಳೆದವಳು ನಾನು. ಇದೂ ಅದೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿತ್ತು ಅಷ್ಟೇ.

ಒಪ್ಪಿಕೊಂಡಿದ್ದು ಚಿಗವ್ವನಿಗಾಗಿ. ಆಕೆ ನನ್ನ ತಾಯಿಯ ತಂಗಿ. ಅತಿಥಿಗೆ ತೋರಿಸಲಿದ್ದ ಗೋದಾಮಿನಲ್ಲಿಯೇ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಗಾಳಿ ಬೆಳಕು ತಾಗಿದರೆ ಕಾಯಿಯ ಕೆಂಪು ಇಳಿಯುತ್ತದೆಂದು ಮಾಲೀಕ ಅಲ್ಲಿ ಕಿಟಕಿ ತೆರೆಯಲು ಬಿಡುವುದಿಲ್ಲ. ಘಾಟಿನಲ್ಲಿ ಕೂತು ಕೂತು ಚಿಗವ್ವನ ಎದೆ ಹಾಳಾಗಿದೆ. ನಾಲ್ಕು ಮಾತಾಡುವಷ್ಟರಲ್ಲಿ ಕೆಮ್ಮು ಬರುತ್ತದೆ.

"ದೊಡ್ಡ ಮಂದಿ ಬರ್ತಾರಂತಲ್ಲವ್ವಾ, ಕಿಡಕಿ ತಗಸ್ರಿ ಅಂತ ಒಂದ್ ಮಾತು ಹೇಳು. ನಮ್ಮ ಮಾತು ಮಾಲಕ ಕೇಳಂಗಿಲ್ಲ," ಎಂದಿದ್ದಳು. ಹೇಳುತ್ತೇನೆಂದು ಮಾತು ಕೊಟ್ಟಿದ್ದೆ.

ಆ ದಿನ ಹೋಗಿ ನೋಡಿದರೆ ಕಿಟಕಿಗಳೆಲ್ಲ ತೆರೆದಿದ್ದವು. ಚಿಗವ್ವ ಇರಲಿಲ್ಲ, ಅವಳ ಜೊತೆಯವರೂ ಇರಲಿಲ್ಲ. ಕೆಮ್ಮುವವರು ಅತಿಥಿಯ ಕಣ್ಣಿಗೆ ಬೀಳಬಾರದೆಂದು ಅವರಿಗೆಲ್ಲ ರಜೆ ಕೊಟ್ಟು, ರಾಣೆಬೆನ್ನೂರಿನಿಂದ ವ್ಯಾನಿನಲ್ಲಿ ಬೇರೆ ಹೆಣ್ಣುಮಕ್ಕಳನ್ನು ತಂದು ಕೂರಿಸಿದ್ದರು. ಒಂದೇ ಬಣ್ಣದ ಸೀರೆ, ಬಿಳಿ ಮಾಸ್ಕು. ತೊಟ್ಟು ಮುರಿಯಲೂ ಬಾರದು ಅವರಿಗೆ, ಕಾಯಿಯನ್ನೇ ಮುರಿದು ಬೀಜ ಚೆಲ್ಲುತ್ತಿದ್ದರು. ಒಬ್ಬಳಂತೂ ಅದೇ ಕೈಯಿಂದ ಕಣ್ಣು ಒರೆಸಿಕೊಂಡು ದಳದಳ ನೀರು ಸುರಿಸುತ್ತಿದ್ದಳು. ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಹೋಗಬಾರದೆಂಬುದು ಬ್ಯಾಡಗಿಯಲ್ಲಿ ಕೂಸಿಗೂ ಗೊತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ಏಲಕ್ಕಿ ಹಾರ ಹಾಕಿಸಿಕೊಂಡ ಅತಿಥಿ ಒಳ್ಳೆಯ ಮನುಷ್ಯ. ಕಣ್ಣೀರು ಸುರಿಸುತ್ತಿದ್ದವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎಷ್ಟು ದಿನದಿಂದ ಈ ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

"ಇವತ್ತ ಮುಂಜಾನಿಂದರಿ," ಎಂದಳು ಆ ಪುಣ್ಯಾತ್ಗಿತ್ತಿ. ಸುಳ್ಳು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ದಿಲ್ಲಿಯ ಅಧಿಕಾರಿಗೆ ಕನ್ನಡ ಬಾರದು. ಜೊತೆಗೆ ಬಂದಿದ್ದ ನಮ್ಮ ಪ್ರಾಂಶುಪಾಲರು ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿದರು.

"ಇಪ್ಪತ್ತು ವರ್ಷದಿಂದ," ಎಂದು ನಾನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅತಿಥಿ ಅವಳಿಗೆ ಕೈಮುಗಿದರು. ಅಷ್ಟಾದ ಮೇಲೆ ಕಿಟಕಿಯ ಮಾತೆತ್ತಲು ನನಗೆ ಬಾಯಿಯೇ ಬರಲಿಲ್ಲ.

ನಮ್ಮ ದೇಶ ಗೆದ್ದಿತು. ಪ್ರಾಂಶುಪಾಲರು ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದರು. ದುಡಿಯುವವರ ಆರೋಗ್ಯಕ್ಕೆ ಸಂದ ಗೆಲುವಂತೆ! ಅತಿಥಿಯ ಕಾರು ಪಕ್ಕದ ಮೋಟೆಬೆನ್ನೂರು ದಾಟುವಷ್ಟರಲ್ಲಿ ಆ ಕಿಟಕಿಗಳನ್ನು ಮುಚ್ಚಿದ್ದರು. ನಾಚಿಕೆಗೆಟ್ಟವರು ಎಂದು ಬೈಯಲು ಹೊರಟರೆ ಆ ಸಾಲಿನಲ್ಲಿ ನಾನೂ ಇದ್ದೇನೆ.

ಚಿಗವ್ವನಿಗೆ ನಡೆದದ್ದೆಲ್ಲ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಬೈಯುತ್ತಾಳೆಂದುಕೊಂಡಿದ್ದೆ. ಕೆಮ್ಮು ನಿಂತ ಮೇಲೆ, "ಇಪ್ಪತ್ತ ವರ್ಸ ಅಲ್ಲಿ ಕುಂತಾಕಿ ನಾನಲ್ಲೇನವ್ವಾ," ಎಂದಳು. "ಅದನ್ನೂ ಅಕಿಗೆ ಕೊಟ್ಟಬಿಟ್ಟಿ?"